ಎದುರಂಗಡಿಯ ಚುಕ್ಕಿ ಚೌಕ, ನನ್ನ ಹೊಟ್ಟೆಕಿಚ್ಚು

ಲಗ್ನಪತ್ರಿಕೆ ಅಚ್ಚು ಹಾಕುವವನ ಬದುಕಿನಲ್ಲಿ ನಗೆಪಾಟಲಿಗೆ ಎಂದೂ ಬರಗಾಲ ಬರುವುದಿಲ್ಲ. ವರನ ಹೆಸರಿನ ಜಾಗದಲ್ಲಿ ವಧುವಿನ ತಂದೆಯ ಹೆಸರು ಬೀಳುವುದು, ಗೋಧೂಳಿ ಲಗ್ನ ಬೆಳಿಗ್ಗೆ ಆರಕ್ಕೆ ನಡೆಯುವುದು, ತೀರಿಕೊಂಡ ಅಜ್ಜ ‘ಸುಖಾಗಮನ ಬಯಸುವವರು’ ಸಾಲಿನಲ್ಲಿ ನಿಂತು ಎಲ್ಲರನ್ನೂ ಊಟಕ್ಕೆ ಕರೆಯುವುದು, ಇವೆಲ್ಲ ಕಸುಬಿನ ಜೊತೆಗೇ ಬಂದವು. ಅದನ್ನೆಲ್ಲ ನಾನು ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಮೊಬೈಲ್ ಫೋನಿಗೆ ಕ್ಯಾಮೆರಾ ಬಂದ ಹೊಸದರಲ್ಲಿ ನಡೆದ ಸಂಗತಿಗಳು. ಅವನ್ನು ನೆನೆದರೆ ಈಗಲೂ ಮಜ್ಜಿಗೆ ಕುಡಿದೇ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬೇಕು.

ಎದುರಂಗಡಿಯವರು

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನನ್ನ ಪ್ರೆಸ್ಸು. ನಮ್ಮಪ್ಪ ಬಿಟ್ಟುಹೋದ, ಕಾಲಲ್ಲಿ ತುಳಿದು ನಡೆಸುವ ಟ್ರೆಡಲ್ ಮೆಷಿನ್ನು, ಅಚ್ಚುಮೊಳೆಗಳು, ಮತ್ತೆ ಗಣಪತಿಯ ಚಿತ್ರ ಕೊರೆದ ಒಂದು ಲೋಹದ ಬ್ಲಾಕು. ಯಾರ ಮನೆಯ ಮದುವೆಯಾದರೂ ಪತ್ರಿಕೆಯ ನೆತ್ತಿಯ ಮೇಲೆ ಕೂರುತ್ತಿದ್ದದ್ದು ಅದೇ ಗಣಪತಿ. ಗಣಪತಿ ಬದಲಾಗುವುದಿಲ್ಲ, ಕೆಳಗಿನ ಹೆಸರುಗಳು ಬದಲಾಗುತ್ತವೆ, ಇಷ್ಟೇ ಮಗಾ ನಮ್ಮ ಕಸುಬು ಅಂತ ಅಪ್ಪ ಹೇಳಿಕೊಟ್ಟಿದ್ದರು. ಆ ಮಾತನ್ನು ನಾನು ಕಡೆಯವರೆಗೂ ನಂಬಿದ್ದೆ. ನಂಬಿ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಹೀಗಿರುವಾಗ ನನ್ನ ಎದುರಿಗೇ ಒಂದು ಹೊಸ ಅಂಗಡಿ ಬಂತು. ಅವರದ್ದೂ ಲಗ್ನಪತ್ರಿಕೆಯೇ. ಆದರೆ ಗಾಜಿನ ಬಾಗಿಲು, ಒಳಗೆ ಏಸಿ, ಕೂರಲು ಸೋಫಾ, ಮೇಜಿನ ಮೇಲೆ ಕಂಪ್ಯೂಟರು. ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬರುತ್ತಿದ್ದರು, ಸಂಜೆ ಅದೇ ಬಿಳಿಯಲ್ಲಿ ಮನೆಗೆ ಹೋಗುತ್ತಿದ್ದರು. ಪ್ರೆಸ್ಸಿನ ಮನುಷ್ಯನ ಉಗುರಲ್ಲಿ ಇಂಕ್ ಇಲ್ಲ ಅಂದರೆ ನಂಬುವುದು ಹೇಗೆ? ಎದುರಾಳಿ ಕೆಟ್ಟವನಾಗಿದ್ದರೆ ದಿನಾ ಬೈದುಕೊಂಡಾದರೂ ಸುಖವಾಗಿರಬಹುದಿತ್ತು. ಈ ಮಹಾನುಭಾವರು ಒಳ್ಳೆಯವರು. ಮಧ್ಯಾಹ್ನ ತಾವು ಕಾಫಿ ತರಿಸಿದರೆ ನನಗೂ ಒಂದು ಲೋಟ ಕಳಿಸುತ್ತಿದ್ದರು. ಕಾಫಿ ಚೆನ್ನಾಗಿಯೂ ಇರುತ್ತಿತ್ತು. ಅದು ಇನ್ನೊಂದು ಸಂಕಟ.

ಒಂದು ದಿನ ಅವರ ಅಂಗಡಿಯ ಮುಂದೆ ಜನ ಗುಂಪುಗೂಡಿದ್ದರು. ಜಗಳವೇನಾದರೂ ಇರಬಹುದು ಅಂತ ಆಸೆಯಿಂದ ಹೋದೆ. ಜಗಳ ಇರಲಿಲ್ಲ. ಅವರು ಒಂದು ಲಗ್ನಪತ್ರಿಕೆ ಹಿಡಿದುಕೊಂಡು ನಿಂತಿದ್ದರು. ಪತ್ರಿಕೆಯ ಮೂಲೆಯಲ್ಲಿ ಕಪ್ಪು ಬಿಳುಪಿನ ಒಂದು ಪುಟ್ಟ ಚೌಕ. ಮೂರು ಮೂಲೆಗೆ ಮೂರು ಪೆಟ್ಟಿಗೆ, ನಡುವೆ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು.

“ಸೋಪಿನ ಮೇಲೆ ಗೆರೆ ಗೆರೆ ಇರುತ್ತಲ್ಲ, ಬಾರ್‌ಕೋಡ್ ಅಂತ? ಇದು ಅದರ ತಮ್ಮ. ಕ್ಯಾಮೆರಾ ಇರೋ ಫೋನಲ್ಲಿ ಓದಬಹುದು. ನೋಡಿ” ಅಂತ ಫೋನನ್ನು ಚೌಕಕ್ಕೆ ಹಿಡಿದರು. ಕೀ ಕೀ ಅಂತು. ಪರದೆಯ ಮೇಲೆ ಮದುಮಗನ ಹೆಸರು, ಮದುಮಗಳ ಹೆಸರು, ಛತ್ರ, ಮುಹೂರ್ತ, ಎಲ್ಲ ಇಂಗ್ಲಿಷಿನಲ್ಲಿ ಮೂಡಿ ಬಂತು. ಜನ ಬೆರಗಾದರು. ನನಗೆ ಹೊಟ್ಟೆಯೊಳಗೆ ಒಲೆ ಹಚ್ಚಿದ ಹಾಗಾಯಿತು. ಏನಾದರೂ ಒಂದು ಕೊಂಕು ತೆಗೆಯಲೇಬೇಕಿತ್ತು.

“ಅಲ್ಲ ಸ್ವಾಮಿ, ಪತ್ರಿಕೇಲಿ ಇರೋದೇ ಫೋನಲ್ಲಿ ಬಂತು. ಹಂಗಾದ್ರೆ ಪತ್ರಿಕೇನೇ ಓದಬಹುದಲ್ಲ?” ಅಂದೆ.

ಎಲ್ಲರೂ ಜೋರಾಗಿ ನಕ್ಕರು. ಗೆದ್ದೆ ಅಂತ ಎದೆಯುಬ್ಬಿಸಿ ರಸ್ತೆ ದಾಟಿ ಬಂದೆ. ಅವರು ನಕ್ಕಿದ್ದು ನನ್ನ ಮಾತಿಗಲ್ಲ, ನನಗೆ ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು.

ಕನ್ನಡ ಮೇಷ್ಟ್ರ ಹಟ

ನಮ್ಮ ಮನೆ ಇರುವುದು ರವೀಂದ್ರನಗರದಲ್ಲಿ. ಅದೇ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದರು. ಅವರ ಎರಡನೇ ಮಗಳ ಮದುವೆ ಗೊತ್ತಾಯಿತು. ಒಂದೇ ಬೀದಿಯವರು, ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ಮುಖ ನೋಡಿಕೊಳ್ಳುವವರು, ಪತ್ರಿಕೆ ನನ್ನಲ್ಲೇ ಹಾಕಿಸುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಅಂಗಡಿಯ ಮುಂದೆಯೇ ಕೊಡೆ ಮಡಿಸಿ, ಎದುರಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರು.

ಒಳಗೆ ಹೋದವರು ಒಂದು ಷರತ್ತು ಹಾಕಿದರಂತೆ. “ಚೌಕ ಹಾಕಿ, ಬೇಡ ಅನ್ನಲ್ಲ. ಆದ್ರೆ ಫೋನಲ್ಲಿ ಬರೋದು ಕನ್ನಡದಲ್ಲೇ ಬರಬೇಕು. ಇಂಗ್ಲಿಷ್ ಬಂದ್ರೆ ನಾನು ಮದುವೆ ಮಾಡೋನೇ ಅಲ್ಲ.”

ಎದುರಂಗಡಿಯವರು ಹೇಗೋ ಕಂಪ್ಯೂಟರಿನಲ್ಲಿ ಕನ್ನಡ ತುಂಬಿಸಿ ಚೌಕ ಮಾಡಿಕೊಟ್ಟರು. ಪತ್ರಿಕೆ ಹಂಚಿಯೂ ಆಯಿತು. ಬೀಗರು ದೊಡ್ಡ ಫೋನು ಇಟ್ಟುಕೊಂಡವರು, ಹಿಡಿದು ನೋಡಿದರು. ಆ ಕಾಲದ ಫೋನುಗಳಿಗೆ ಕನ್ನಡ ಎಲ್ಲಿ ಬರುತ್ತಿತ್ತು? ಅಕ್ಷರದ ಬದಲು ಉದ್ದಕ್ಕೂ ಖಾಲಿ ಡಬ್ಬಿಗಳ ಸಾಲು. ಹೆಸರಿನ ಜಾಗದಲ್ಲಿ ಡಬ್ಬಿ, ಛತ್ರದ ಜಾಗದಲ್ಲಿ ಡಬ್ಬಿ, ಮುಹೂರ್ತವೂ ಡಬ್ಬಿ.

ಮೇಷ್ಟ್ರು ಕೆಂಡಾಮಂಡಲವಾಗಿ ಬಂದರು. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಹಿಂದೆಯೇ ಹೋಗಿ ಗಾಜಿನ ಬಾಗಿಲಿಗೆ ಒರಗಿ ನಿಂತೆ.

“ಇದಕ್ಕೆ ಕನ್ನಡ ಬರಲ್ಲ ಸಾರ್, ಫೋನಿನದ್ದೇ ತೊಂದರೆ” ಅಂತ ಎದುರಂಗಡಿಯವರು ಮೆತ್ತಗೆ ಹೇಳಿದರು.

“ಬರಲ್ಲ ಅಂದ್ರೆ ಕಲಿಸ್ರೀ! ನಾನು ಎಂಥೆಂಥ ದಡ್ಡರಿಗೆ ಕಲಿಸಿದ್ದೀನಿ!”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೇಷ್ಟ್ರು ಹೊರಗೆ ಬಂದ ಕೂಡಲೇ ಪಕ್ಕಕ್ಕೆ ಕರೆದು, “ನೋಡಿದ್ರಾ ಸಾರ್? ನಮ್ಮ ಪ್ರೆಸ್ಸಲ್ಲಿ ಕನ್ನಡ ಕೊಟ್ರೆ ಕನ್ನಡವೇ ಬರುತ್ತೆ. ಡಬ್ಬಿಗಿಬ್ಬಿ ಬರಲ್ಲ” ಅಂದೆ.

ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ನಿಮ್ಮಲ್ಲಿ ಕನ್ನಡ ಬರುತ್ತೆ, ಒಪ್ಪಿದೆ. ದೊಡ್ಡ ಮಗಳ ಮದುವೆ ಪತ್ರಿಕೆ ನೀವೇ ಹಾಕಿದ್ದಲ್ವಾ? ಅದೂ ಬಂತು, ಬೀಗರೂಟದ ದಿವಸ. ಈತ ಡಬ್ಬಿ ಕೊಟ್ರೂ ಟೈಮಿಗೆ ಸರಿಯಾಗಿ ಕೊಟ್ಟ.”

ಆಲ್ಕೊಳ ಸರ್ಕಲ್ಲಿನ ಫ್ಲೆಕ್ಸು

ಡಬ್ಬಿಯ ಪ್ರಕರಣದಿಂದ ಆ ಮನುಷ್ಯ ಸೋಲಬೇಕಿತ್ತು. ಸೋಲಲಿಲ್ಲ. ಬದಲಿಗೆ ಆಲ್ಕೊಳ ಸರ್ಕಲ್ಲಿನಲ್ಲಿ ಒಂದು ದೊಡ್ಡ ಫ್ಲೆಕ್ಸು ಕಟ್ಟಿಸಿದರು. ಅದರ ತುಂಬ ಒಂದೇ ಒಂದು ಚೌಕ, ಬಾಗಿಲಷ್ಟು ದೊಡ್ಡದು. ಅಂಗಡಿ ಹೆಸರಿಲ್ಲ, ಫೋನ್ ನಂಬರಿಲ್ಲ. ಫೋನು ಹಿಡಿದರೆ ಮಾತ್ರ ಅಂಗಡಿಯ ವಿಳಾಸ ಬರುತ್ತದಂತೆ. “ಜನಕ್ಕೆ ಕುತೂಹಲ ಹುಟ್ಟಬೇಕು ಸ್ವಾಮಿ” ಅಂತ ನನಗೇ ವಿವರಿಸಿದರು.

ಜನಕ್ಕೆ ಕುತೂಹಲ ಹುಟ್ಟಿತೋ ಇಲ್ಲವೋ, ನನಗೆ ಹುಟ್ಟಿತು. ಸಂಜೆಗೊಮ್ಮೆ ಸ್ಕೂಟರ್ ಹತ್ತಿ ಆಲ್ಕೊಳಕ್ಕೆ ಹೋಗಿ, ಎಷ್ಟು ಜನ ತಲೆಯೆತ್ತಿ ನೋಡುತ್ತಾರೆ ಅಂತ ಲೆಕ್ಕ ಹಾಕುವುದು ಅಭ್ಯಾಸವಾಯಿತು. ನಮ್ಮೋರು ವಾಕಿಂಗ್ ಶುರು ಮಾಡಿದಾರೆ ಅಂತ ಹೆಂಡತಿ ಅಕ್ಕಪಕ್ಕದಲ್ಲಿ ಹೇಳಿಕೊಂಡಳು.

ಒಂದು ಸಂಜೆ ಪಂಚೆ ಉಟ್ಟ ಹಿರಿಯರೊಬ್ಬರು ಫ್ಲೆಕ್ಸಿನ ಕೆಳಗೆ ನಿಂತು, ಕೈ ಅಡ್ಡ ಹಿಡಿದು, ಬಹಳ ಹೊತ್ತು ಅದನ್ನೇ ಅಧ್ಯಯನ ಮಾಡಿದರು. ಆ ವರ್ಷಗಳಲ್ಲಿ ಆ ಕಡೆಯೆಲ್ಲ ಹೊಸ ಹೊಸ ಲೇಔಟ್‌ಗಳು ಏಳುತ್ತಿದ್ದವು. ಗದ್ದೆ ಕಂಡಲ್ಲಿ ಕಲ್ಲು ನೆಟ್ಟು ಸೈಟು ಅನ್ನುತ್ತಿದ್ದ ಕಾಲ. ಅವರು ನನ್ನ ಹತ್ತಿರ ಬಂದು ಕೇಳಿದರು.

“ಎಲ್ಲಿ ಬರುತ್ತೆ ಸ್ವಾಮಿ ಈ ಲೇಔಟು?”

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. “ನಕ್ಷೆ ನೋಡ್ದೆ. ರಸ್ತೆ ಸ್ವಲ್ಪ ಸೊಟ್ಟ ಸೊಟ್ಟ ಇದಾವೆ, ಪರ್ವಾಗಿಲ್ಲ. ನಂಗೊಂದು ಕಾರ್ನರ್ ಸೈಟ್ ಬೇಕು. ಈ ಮೂರು ಮೂಲೇಲಿ ದೊಡ್ಡ ದೊಡ್ಡದಾಗಿ ಇದಾವಲ್ಲ, ಅದ್ರಲ್ಲಿ ಒಂದು.”

ಒಳ್ಳೆಯ ಮನುಷ್ಯನಾಗಿದ್ದರೆ ನಿಜ ಹೇಳುತ್ತಿದ್ದೆ. ಆದರೆ ನಿಜ ಹೇಳಿದರೆ ಎದುರಂಗಡಿಯ ಪ್ರಚಾರ ನಾನೇ ಮಾಡಿದ ಹಾಗಾಗುತ್ತದಲ್ಲ?

“ಆ ಮೂರೂ ಹೋಗ್ಬಿಟ್ಟಿದಾವೆ ಯಜಮಾನ್ರೆ” ಅಂದೆ.

“ನಾಲ್ಕನೇ ಮೂಲೆ?”

“ಅದು ಪಾರ್ಕಿಗೆ ಬಿಟ್ಟಿದಾರೆ.”

ಅವರು ನಿಟ್ಟುಸಿರು ಬಿಟ್ಟು, “ಅನುಕೂಲಸ್ಥರೇ ಎಲ್ಲಾ ಹೊಡ್ಕಂಡ್ರು ನೋಡಿ” ಅಂತ ಬಸ್ಸು ಹತ್ತಿದರು. ಹೊಟ್ಟೆಕಿಚ್ಚಿನಲ್ಲಿ ನಾನೊಬ್ಬನೇ ಅಲ್ಲ ಅಂತ ಆ ದಿನ ಸ್ವಲ್ಪ ಸಮಾಧಾನವಾಯಿತು.

ನಾಲ್ಕು ಮೂಲೆಯ ಶಾಸ್ತ್ರ

ದೇವರು ಕಣ್ಣು ಬಿಟ್ಟದ್ದು ಅದಾದ ಮೇಲೆ. ನಮ್ಮ ಮನೆಗೇ ಎದುರಂಗಡಿಯ ಒಂದು ಪತ್ರಿಕೆ ಬಂತು. ನಮ್ಮ ಕಡೆ ಲಗ್ನಪತ್ರಿಕೆ ಅಂದಮೇಲೆ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿಯೇ ಕೊಡಬೇಕು. ಆ ಮನೆಯ ಹೆಂಗಸರು ಧಾರಾಳವಾಗಿ ಹಚ್ಚಿದ್ದರು. ಚೌಕ ಇದ್ದದ್ದು ಮೂಲೆಯಲ್ಲಿ. ಅದರ ಒಂದು ಪೆಟ್ಟಿಗೆ ಕುಂಕುಮದ ಅಡಿಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು.

ಊಟವನ್ನೂ ಮಾಡದೆ ಅದನ್ನು ಹಿಡಿದುಕೊಂಡು ಎದುರಂಗಡಿಗೆ ಓಡಿದೆ. “ಇದೊಂದು ತೋರ್ಸಿ ನೋಡಣ. ನಂಗೂ ಕಲಿಯೋ ಆಸೆ” ಅಂದೆ. ಅವರು ಪಾಪ, ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಅಡ್ಡ ಹಿಡಿದರು, ಬಿಸಿಲಿಗೆ ಹೋಗಿ ಹಿಡಿದರು. ಫೋನು ಕೀ ಅನ್ನಲಿಲ್ಲ.

“ಮೂಲೆ ಪೆಟ್ಟಿಗೆ ಕಾಣದಿದ್ರೆ ಇದು ಓದಲ್ಲ ಸ್ವಾಮಿ” ಅಂದರು. ಮುಖ ಸಣ್ಣದಾಗಿತ್ತು. ಕಾಳಜಿಯಿಂದ, “ಛೆ ಛೆ” ಅಂದೆ.

ಆವತ್ತಿನಿಂದ ನಾನು ಭಾರೀ ಸಂಪ್ರದಾಯಸ್ಥನಾದೆ. ನನ್ನ ಅಂಗಡಿಯ ಮೇಜಿನ ಮೇಲೆ ಒಂದು ಬಟ್ಟಲು ಕುಂಕುಮ, ಒಂದು ಬಟ್ಟಲು ಅರಿಸಿನ. ಎದುರಂಗಡಿಯಿಂದ ಕಟ್ಟು ಹಿಡಿದು ಬಂದವರನ್ನೆಲ್ಲ ಕರೆದು, “ಶುಭಕಾರ್ಯ, ಜಿಪುಣತನ ಮಾಡ್ಬೇಡಿ. ನಾಲ್ಕೂ ಮೂಲೆಗೆ ಗಟ್ಟಿಯಾಗಿ ಹಚ್ಚಿ. ನಂ ಕಡೆಯಿಂದ ಫ್ರೀ” ಅಂತ ಪೊಟ್ಟಣ ಕಟ್ಟಿ ಕೊಡುತ್ತಿದ್ದೆ.

ಎದುರಂಗಡಿಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಲ್ಲಿ ಅರಿಸಿನ ಕುಂಕುಮ ಹಚ್ಚಬೇಡಿ’ ಅಂತ ಹಾಕಿಸಿದರು. ಬುದ್ಧಿವಂತರು ಕೆಡುವುದು ಹೀಗೆಯೇ. ಮಾರನೆಯ ವಾರ ಭದ್ರಾವತಿ ಬಸ್ಸಿನಿಂದ ಇಳಿದ ಅಜ್ಜಿಯೊಬ್ಬರು ಪತ್ರಿಕೆಯ ಕಟ್ಟನ್ನು ತಂದು ಅವರ ಮೇಜಿನ ಮೇಲೆ ಕುಕ್ಕಿದರು. ನಾನು ರಸ್ತೆಯ ಈಚೆ ದಡದಿಂದಲೇ ಕೇಳಿಸಿಕೊಂಡೆ.

“ಮದುವೆ ಕಾಗದಕ್ಕೆ ಅರಿಸಿನ ಕುಂಕುಮ ಬ್ಯಾಡ ಅಂತ ಬರ್ದೀಯಲ್ಲಪ್ಪ, ಅರಿಸಿನ ಹಚ್ಚದಿರೋ ಕಾಗದ ಮನೆಗೆ ಯಾವಾಗ ಬರುತ್ತೆ ಅಂತ ಗೊತ್ತಾ ನಿಂಗೆ? ಮೊಮ್ಮಗಳ ಮದುವೆ ಮಾಡ್ತಿದೀನೋ, ಯಾರ್ದಾದ್ರೂ ತಿಥಿ ಮಾಡ್ತಿದೀನೋ?”

ಅವರು ಕೈಮುಗಿದು, ಚೌಕವನ್ನೇ ತೆಗೆದು ಹೊಸದಾಗಿ ಹಾಕಿಕೊಡುತ್ತೇನೆ ಅಂದರು. ಅಜ್ಜಿ ಸಿಟ್ಟಿನಿಂದ ಹೊರಗೆ ಬಂದವರು ನೇರ ನನ್ನ ಅಂಗಡಿಗೇ ಬಂದರು. ಕೆಲಸ ನನ್ನ ಕೈಗೆ ಬಂತು ಅಂತ ಎದ್ದು ಸ್ಟೂಲು ಒರೆಸಿದೆ. ಅಜ್ಜಿ ಬಟ್ಟಲಿನಿಂದ ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗಿಟ್ಟುಕೊಂಡು, “ನೀನು ಶಾಸ್ತ್ರ ತಿಳ್ದೋನು, ಚೆನ್ನಾಗಿರಪ್ಪ” ಅಂತ ಹರಸಿ, ಮತ್ತೆ ರಸ್ತೆ ದಾಟಲು ಹೊರಟರು.

“ಎಲ್ಲಿಗಮ್ಮ?” ಅಂದೆ.

“ಹಾಕಿ ಕೊಡೋವರ್ಗೂ ಅಲ್ಲೇ ಕೂತ್ಕಂತೀನಿ. ನಿನ್ನಲ್ಲಿ ಶಕೆ. ಅಲ್ಲಿ ತಣ್ಣಗೈತೆ.”

ಭಾವನ ಟೀಪಾಯಿ

ನನ್ನ ಹೆಂಡತಿಯ ಅಣ್ಣ ಭದ್ರಾವತಿಯ ಜನ್ನಾಪುರದಲ್ಲಿದ್ದರು. ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಮನೆತನದ ಪತ್ರಿಕೆಗಳೆಲ್ಲ ನಮ್ಮಪ್ಪನ ಕಾಲದಿಂದಲೂ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದವು. ನನ್ನ ಮದುವೆಯ ಪತ್ರಿಕೆಯನ್ನು ಎರಡೂ ಕಡೆಯವರಿಗೂ ನಾನೇ ಅಚ್ಚು ಹಾಕಿದ್ದೆ. ಈಗ ಭಾವನ ದೊಡ್ಡ ಮಗಳ ಮದುವೆ. ಬಸ್ಸು ಹತ್ತಿ ಗಂಡ ಹೆಂಡತಿ ಇಬ್ಬರೂ ಹೋದೆವು. ಉಪ್ಪಿಟ್ಟು ಬಂತು. ತಟ್ಟೆ ಇಡಲು ಟೀಪಾಯಿಯ ಕಡೆ ತಿರುಗಿದರೆ ಅಲ್ಲಿ ಎದುರಂಗಡಿಯವರ ವಿಸಿಟಿಂಗ್ ಕಾರ್ಡು! ತಟ್ಟೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡೆ.

“ಬೇಜಾರು ಮಾಡ್ಕೋಬೇಡಿ ಮಾರಾಯ್ರೆ” ಅಂದರು ಭಾವ. “ಅಳಿಯ ಆಗೋರು ದಾವಣಗೆರೇಲಿ ಮೊಬೈಲ್ ಅಂಗಡಿ ಇಟ್ಟಿದಾರೆ. ಅವರ ಕಡೆ ಜನ ಊಟಕ್ಕೂ ಫೋನು ಹಿಡ್ಕೊಂಡೇ ಕೂರ್ತಾರೆ. ನಮ್ಮ ಪತ್ರಿಕೇಲಿ ಆ ಚೌಕ ಇಲ್ದಿದ್ರೆ ನಂಗೆ ಮರ್ಯಾದೆ ಎಲ್ಲಿರುತ್ತೆ? ಅದಕ್ಕೇ ನಿಮ್ಮ ಎದುರಂಗಡಿಗೆ ಹೋಗಿ ವಿಚಾರಿಸ್ಕೊಂಡು ಬಂದೆ.”

ನನ್ನ ಅಂಗಡಿಯ ಎದುರಿಗೆ, ನನಗೆ ಕಾಣದ ಹಾಗೆ ಹೋಗಿ ಬಂದಿದ್ದರು! ಹೊಟ್ಟೆಯಲ್ಲಿ ಎದ್ದ ಉರಿ ಬಾಯಿಗೆ ಬಂತು.

“ಚೌಕ ತಾನೇ? ನಮ್ಮಲ್ಲೂ ಹಾಕ್ತೀವಿ!”

ಹೆಂಡತಿ ಉಪ್ಪಿಟ್ಟು ಬಿಟ್ಟು ನನ್ನನ್ನು ನೋಡಿದಳು. “ಯಾವಾಗಿಂದ?”

“ನೀನು ಸುಮ್ನಿರು ಮಾರಾಯ್ತಿ.”

ಭಾವ ಗಂಭೀರವಾದರು. “ನೋಡಿ, ಬೀಗರ ಮುಂದೆ ನನ್ನ ಮಾನದ ಪ್ರಶ್ನೆ. ಇದು ಚೆನ್ನಾಗಿ ಬಂದ್ರೆ ಎರಡನೇ ಮಗಳ ಪತ್ರಿಕೇನೂ ನಿಮ್ಮಲ್ಲೇ. ಜನ್ನಾಪುರದ ನಮ್ಮ ನೆಂಟರಿಗೆಲ್ಲ ನಾನೇ ಹೇಳ್ತೀನಿ. ಕೆಟ್ರೆ ಮಾತ್ರ ಇನ್ನು ಎಲ್ಲಾ ಎದುರಂಗಡಿಗೇ. ಆಮೇಲೆ ನೀವು ಮುಖ ಊದಿಸ್ಕೋಬಾರ್ದು.”

ಒಪ್ಪಿದೆ. ಏಳುವಾಗ ಆ ವಿಸಿಟಿಂಗ್ ಕಾರ್ಡನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ಭಾವನ ಮನಸ್ಸು ಬದಲಾದರೂ ಆ ಮನುಷ್ಯನ ನಂಬರು ಸಿಗಬಾರದು ಅಂತ.

ಈಗ ಚೌಕ ಎಲ್ಲಿಂದ ತರುವುದು? ಎದುರಂಗಡಿಯಲ್ಲಿ ಕೇಳುವ ಬದಲು ಪ್ರೆಸ್ಸು ಮುಚ್ಚುವುದೇ ವಾಸಿ. ನಾನು ಕೂತು ತಲೆ ಓಡಿಸಿದೆ. ಪತ್ರಿಕೆಯಲ್ಲಿ ಏನಿತ್ತೋ ಅದೇ ಫೋನಿನಲ್ಲಿ ಬಂದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಅಂದರೆ ಫೋನು ಓದುವುದು ಪತ್ರಿಕೆಯನ್ನೇ. ಚೌಕ ಸುಮ್ಮನೆ ಒಂದು ಗುರುತು, ನಮ್ಮ ಗಣಪತಿಯ ಹಾಗೆ. ಗಣಪತಿ ಬದಲಾಗುವುದಿಲ್ಲ, ಕೆಳಗಿನ ಹೆಸರುಗಳು ಬದಲಾಗುತ್ತವೆ. ಎಲ್ಲ ಚೌಕಕ್ಕೂ ಮೂರು ಮೂಲೆಯಲ್ಲಿ ಮೂರು ಪೆಟ್ಟಿಗೆ ಇದ್ದೇ ಇದೆ. ಒಂದು ಚೌಕ ಹಿಡಿದು ಬ್ಲಾಕ್ ಮಾಡಿಸಿದರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಆಯಿತು!

ಮನೆಯಲ್ಲಿದ್ದ ಪತ್ರಿಕೆಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಚೌಕ ಶುದ್ಧವಾಗಿಲ್ಲ, ಎಲ್ಲದರ ಮೇಲೂ ಗಟ್ಟಿ ಕುಂಕುಮ. ನಾನೇ ಪುಕ್ಕಟೆ ಹಂಚಿದ್ದು. ಕಡೆಗೆ ಕುಂಕುಮ ಸೋಕದ ಚೌಕ ಸಿಕ್ಕಿದ್ದು ಒಂದೇ ಕಡೆ, ನನ್ನ ಜೇಬಿನಲ್ಲಿದ್ದ ಎದುರಂಗಡಿಯವರ ವಿಸಿಟಿಂಗ್ ಕಾರ್ಡಿನಲ್ಲಿ. ವಿಸಿಟಿಂಗ್ ಕಾರ್ಡಿಗೆ ಯಾರು ಅರಿಸಿನ ಹಚ್ಚುತ್ತಾರೆ?

ಅದನ್ನೇ ಕೊಟ್ಟು ಬ್ಲಾಕ್ ಮಾಡಿಸಿದೆ. ಎದುರಂಗಡಿಯವರ ಹಾಗೆ ಮೂಲೆಯಲ್ಲಿಟ್ಟು ಕೆಡಲು ನಾನೇನು ದಡ್ಡನೇ? ಗಣಪತಿಯ ಕೆಳಗೆ, ಪತ್ರಿಕೆಯ ನಟ್ಟನಡುವೆ ಕೂರಿಸಿದೆ. ನಾನೇ ಮೆಷಿನ್ನಿನ ಮುಂದೆ ನಿಂತು, ಇಂಕು ಹದ ಮಾಡಿ, ಒಂದೊಂದನ್ನೂ ಕಣ್ಣಿಗೊತ್ತಿಕೊಳ್ಳುವ ಹಾಗೆ ಅಚ್ಚು ಹಾಕಿದೆ. ಒಂದು ಚುಕ್ಕಿ ಅಳಿಸಿಲ್ಲ, ಒಂದು ಗೆರೆ ಹರಡಿಲ್ಲ. ಪರೀಕ್ಷೆ ಮಾಡಿ ನೋಡೋಣ ಅಂದರೆ ನನ್ನ ಫೋನಿನಲ್ಲಿ ಟಾರ್ಚಿತ್ತು, ಕ್ಯಾಮೆರಾ ಇರಲಿಲ್ಲ.

ಪತ್ರಿಕೆಗೆ ಹಚ್ಚಲು ಹೆಂಡತಿ ಅರಿಸಿನ ಕುಂಕುಮ ಕಲಸಿಕೊಂಡು ಕೂತಳು. ಅವಳ ಕೈ ಸ್ವಲ್ಪ ಧಾರಾಳ. ಬೆರಳು ನಡುವಿನ ಕಡೆ ಹೋದಾಗಲೆಲ್ಲ ನಾನು ಕಿರುಚಿದೆ. “ಮೂಲೆಗೆ ಮಾತ್ರ! ಚೌಕದ ಹತ್ರ ಕೈ ತಂದ್ರೆ ನೋಡು!”

“ಕರ್ರಗೆ ಕಾಣುತ್ತೆ ಕಣ್ರೀ, ಸ್ವಲ್ಪ ಹಚ್ಚಿದ್ರೆ ಲಕ್ಷಣವಾಗಿರುತ್ತೆ” ಅಂದಳು.

“ಬೇಡ ಅಂದ್ರೆ ಬೇಡ.”

ದೊಡ್ಡ ಮನಸ್ಸು

ಮೊದಲ ಪತ್ರಿಕೆ ದೇವರಿಗೆ. ಎರಡನೆಯದನ್ನು ಹಿಡಿದುಕೊಂಡು ನಾನು ರಸ್ತೆ ದಾಟಿದೆ. ಎದುರಂಗಡಿಯವರನ್ನು ಮದುವೆಗೆ ಕರೆಯುವ ಅಗತ್ಯವೇನೂ ಇರಲಿಲ್ಲ. ಆದರೆ ಉರಿಸುವ ಅಗತ್ಯ ಇತ್ತು.

“ನಮ್ಮ ಭಾವನ ಮಗಳ ಮದುವೆ. ಚೌಕ ಹಾಕಿದೀವಿ, ನೋಡಿ” ಅಂದೆ.

ಅವರು ಫೋನು ತೆಗೆದು ಹಿಡಿದರು. ಕ್ಷಣವೂ ತಡವಾಗದೆ ಕೀ ಅಂತು. ಪರದೆಯನ್ನು ಓದಿದರು. ನನ್ನ ಮುಖ ನೋಡಿದರು. ಮತ್ತೆ ಪರದೆ ನೋಡಿದರು. ಕಣ್ಣಲ್ಲಿ ನೀರಾಡಿತು.

“ಸ್ವಾಮಿ, ನಿಮ್ಮಂಥ ದೊಡ್ಡ ಮನಸ್ಸಿನೋರನ್ನ ನಾನು ನೋಡಿಲ್ಲ. ಖಂಡಿತಾ ಬರ್ತೀನಿ” ಅಂತ ನನ್ನ ಎರಡೂ ಕೈ ಹಿಡಿದುಕೊಂಡರು.

ಸೋಲೊಪ್ಪಿಕೊಂಡರು ಅಂತ ತಿಳಿದೆ. ಆವತ್ತು ಕಾಫಿಯ ಜೊತೆ ಕೋಡುಬಳೆಯೂ ಬಂತು.

ಆಮೇಲೆ ವಿಚಿತ್ರ ಶುರುವಾಯಿತು. ನನ್ನ ಹೆಂಡತಿ ಕಡೆಯ ನೆಂಟರು, ಜನ್ನಾಪುರದ ಪರಿಚಯದವರು, ಒಬ್ಬೊಬ್ಬರಾಗಿ ಎದುರಂಗಡಿಗೆ ಬರತೊಡಗಿದರು. ಗೃಹಪ್ರವೇಶಕ್ಕೆ, ನಾಮಕರಣಕ್ಕೆ, ಉಪನಯನಕ್ಕೆ. ನನ್ನ ಕಡೆ ಕೈಬೀಸಿ ಒಳಗೆ ಹೋಗುತ್ತಿದ್ದರು. ಒಬ್ಬರಂತೂ, “ನೀವೇ ಹೇಳಿದ್ಮೇಲೆ ಇನ್ನೇನು, ಅದಕ್ಕೇ ಬಂದ್ವಿ” ಅಂದರು. ನಾನು ಯಾವಾಗ ಹೇಳಿದೆ? ರಾತ್ರಿಯೆಲ್ಲ ಹೊಟ್ಟೆ ಉರಿಯಿತು. ಹೆಂಡತಿ ಜೀರಿಗೆ ಕಷಾಯ ಮಾಡಿಕೊಟ್ಟಳು.

ಮದುವೆ ಭದ್ರಾವತಿಯ ಛತ್ರದಲ್ಲಿ. ಧಾರೆ ಮುಗಿದು, ಗಂಡು ಹೆಣ್ಣು ವೇದಿಕೆಯ ಮೇಲೆ ಕೂತು, ಜನ ಸಾಲಾಗಿ ಹೋಗಿ ಅಕ್ಷತೆ ಹಾಕುತ್ತಿದ್ದರು. ಬೀಗರ ಕಡೆಯವರದ್ದು ಬೇರೆಯೇ ಪತ್ರಿಕೆ. ನಮ್ಮದೊಂದನ್ನು ಅವರ ಮನೆಗೆ ಕೊಟ್ಟಿದ್ದರೂ ಅದು ದೇವರ ಮನೆ ಸೇರಿ ಅಲ್ಲೇ ಉಳಿದಿತ್ತು. ಭಾವನೂ ನನ್ನ ಹಾಗೆ ಕ್ಯಾಮೆರಾ ಇಲ್ಲದ ಫೋನಿನವರು, ಚೌಕ ಓದಿಸಿ ನೋಡಿರಲಿಲ್ಲ. ಆವತ್ತು ಅವರಿಗೆ ಖುಷಿ ಹೆಚ್ಚಾಗಿತ್ತು. ಪತ್ರಿಕೆಯೊಂದನ್ನು ತಂದು ಅಳಿಯನ ಕೈಗಿಟ್ಟರು.

“ನಮ್ಮ ಪತ್ರಿಕೇಲೂ ಚೌಕ ಇದೆ, ನೋಡಿದ್ರಾ? ನಮ್ಮ ಭಾವನೋರೇ ಅಚ್ಚು ಹಾಕಿದ್ದು. ಫೋನು ಹಿಡಿದು ಗಟ್ಟಿಯಾಗಿ ಓದಿ, ಎಲ್ಲರೂ ಕೇಳಲಿ” ಅಂತ ಓಲಗದವರನ್ನು ನಿಲ್ಲಿಸಿ, ಮೈಕನ್ನೇ ಅವನ ಬಾಯಿಯ ಹತ್ತಿರ ತಂದರು. ನಾನು ವೇದಿಕೆಯ ಪಕ್ಕದಲ್ಲಿ ಶಲ್ಯ ಸರಿಮಾಡಿಕೊಂಡು ನಿಂತೆ. ಮುಂದಿನ ಸಾಲಿನಲ್ಲಿ ಎದುರಂಗಡಿಯವರು ಕೂತಿದ್ದರು. ಅವರ ಮುಖವನ್ನೇ ನೋಡುತ್ತಿದ್ದೆ, ಯಾವಾಗ ಕಪ್ಪಾಗುತ್ತದೆ ಅಂತ.

ಮದುಮಗ ಪೇಟ ಸರಿಸಿ ಫೋನು ತೆಗೆದ. ಕೀ ಅಂತು. ಪರದೆಯ ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಓದಿದ.

“ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ...”

ಓಲಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“...ಎಲ್ಲಾ ಥರದ ಪತ್ರಿಕೆಗಳಿಗೆ ಇಂದೇ ಭೇಟಿ ಕೊಡಿ. ದುರ್ಗಿಗುಡಿ, ಶಿವಮೊಗ್ಗ. ಏಸಿ ಇದೆ.” ಅವನು ಬೆರಳಿನಿಂದ ಕೆಳಗೆ ಸರಿಸಿದ. “ವಿಶೇಷ ಸೂಚನೆ. ಎದುರುಗಡೆ ನಮ್ಮ ಯಾವುದೇ ಶಾಖೆ ಇಲ್ಲ.”

ಮೊದಲು ನಕ್ಕದ್ದು ಮದುಮಗಳು. ಆಮೇಲೆ ಓಲಗದವರು. ಆಮೇಲೆ ಯಾರು ಅಂತ ಗೊತ್ತಾಗಲಿಲ್ಲ, ಅಡುಗೆಯವರೂ ಸೌಟು ಹಿಡಿದು ಈಚೆ ಬಂದಿದ್ದರು. ಅಷ್ಟೂ ಪತ್ರಿಕೆಯನ್ನು ನಾನು ಮನೆಮನೆಗೆ ಹೋಗಿ, ಬಗ್ಗಿ ಕೈಮುಗಿದು, ತಪ್ಪದೇ ಬರಬೇಕು ಅಂತ ಹೇಳಿ ಕೊಟ್ಟು ಬಂದಿದ್ದೆ. ನೆಂಟರು ತಪ್ಪದೇ ಎದುರಂಗಡಿಗೆ ಹೋಗಿದ್ದರು.

ಭಾವ ಮೈಕು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಎರಡನೇ ಮಗಳ ಪತ್ರಿಕೆ ಎಲ್ಲಿ ಹಾಕಿಸ್ಬೇಕು ಅಂತ ಯೋಚನೆ ಮಾಡ್ತಿದ್ದೆ. ನೀವೇ ಅಚ್ಚು ಹಾಕಿ ಕ್ಲಿಯರ್ ಮಾಡಿದೀರಲ್ಲ ಮಾರಾಯ್ರೆ.”

ಮದುಮಗ ಇನ್ನೂ ಚೌಕವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. “ಮಾವ, ಏನೇ ಹೇಳಿ, ಇಷ್ಟು ಸಣ್ಣ ಚೌಕ ಹಿಡಿದ ತಕ್ಷಣ ಓದಿದ್ದನ್ನ ನಾನು ಎಲ್ಲೂ ನೋಡಿಲ್ಲ. ಏನು ಅಚ್ಚು!”

ಆಗ ಎದುರಂಗಡಿಯವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಆಡಿಕೊಳ್ಳುವ ಮನುಷ್ಯರಲ್ಲ, ಅದೇ ನನ್ನ ದುರದೃಷ್ಟ. “ನಿಜ ಸ್ವಾಮಿ. ನನ್ನ ಕಾರ್ಡಲ್ಲಿ ಮೂರು ಸಲ ಹಿಡಿದ್ರೆ ಒಂದು ಸಲ ಓದುತ್ತೆ. ನಿಮ್ಮ ಪತ್ರಿಕೇಲಿ ಮುಟ್ಟಿದ್ರೆ ಸಾಕು. ಇನ್ಮೇಲೆ ನನ್ನ ಅಂಗಡಿ ಜಾಹೀರಾತೆಲ್ಲ ನಿಮ್ಮ ಪ್ರೆಸ್ಸಲ್ಲೇ ಹಾಕಿಸ್ತೀನಿ.”

ಪಕ್ಕದಲ್ಲಿ ಬಳೆಯ ಸದ್ದಾಯಿತು. ಮುತ್ತೈದೆಯರಿಗೆ ಕೊಡಲು ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೆಂಡತಿ ನಿಂತಿದ್ದಳು. ಅವಳು ಅಳಿಯನ ಕೈಯಿಂದ ಪತ್ರಿಕೆ ಇಸಿದುಕೊಂಡು, ಬೆರಳನ್ನು ಕುಂಕುಮಕ್ಕೆ ಅದ್ದಿ, ನನ್ನನ್ನೇ ನೋಡುತ್ತ ಬಹಳ ವಿನಯದಿಂದ ಕೇಳಿದಳು.

“ಈಗ ಹೇಳಿ, ಎಲ್ಲಿಗೆ ಹಚ್ಚಲಿ?”